ಆತಕೂರು ಕಲ್ಲಿನ ಕೊನೆಯ ಸಾಲುಗಳು: ನಾಯಿ, ಗದ್ದೆ ಮತ್ತು ಗೊರವ

ಆತಕೂರು ಶಾಸನ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ನಾಯಿ. ಕಾಳಿ ಅನ್ನೋ ಬೇಟೆನಾಯಿ, ಅದು ಎದುರಿಸಿದ ದೊಡ್ಡ ಹಂದಿ, ಎರಡೂ ಒಟ್ಟಿಗೆ ಪ್ರಾಣ ಬಿಟ್ಟ ಕಥೆ. ವಾಟ್ಸಾಪಿನಲ್ಲಿ ವರ್ಷಕ್ಕೆ ಎರಡು ಸಲವಾದರೂ ನನಗೆ ಇದು ಬಂದೇ ಬರುತ್ತೆ. ಸ್ವಲ್ಪ ಇತಿಹಾಸ ಓದಿದವರಿಗೆ ತಕ್ಕೋಲದ ಯುದ್ಧ ನೆನಪಾಗುತ್ತೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಗಂಗರ ಇಮ್ಮಡಿ ಬೂತುಗ, ಚೋಳ ರಾಜಾದಿತ್ಯ, ಇವರೆಲ್ಲ ಈ ಒಂದೇ ಕಲ್ಲಿನಲ್ಲಿ ಬರ್ತಾರೆ. ನಾಯಿಯ ಕಥೆ ಕೆಲವರಿಗೆ, ಯುದ್ಧದ ಕಥೆ ಇನ್ನು ಕೆಲವರಿಗೆ. ಶಾಸನದ ಕೊನೆಯ ನಾಲ್ಕೈದು ಸಾಲುಗಳನ್ನು ಮಾತ್ರ ಹೆಚ್ಚಿನವರು ಓದೋದೇ ಇಲ್ಲ. ಅಲ್ಲಿರೋದು ಎರಡು ಖಂಡುಗ ಗದ್ದೆ, ಒಬ್ಬ ಪೂಜಾರಿ, ಒಂದು ಶಾಪ. ಈ ಸಲ ಆ ಸಾಲುಗಳನ್ನೇ ನಿಧಾನವಾಗಿ ಓದೋಣ. ಮದ್ದೂರು, ಮಳವಳ್ಳಿ, ಮಂಡ್ಯ ಸೀಮೆಯಲ್ಲಿ ಊರು ಹೇಗೆ ಕಟ್ಟಿಕೊಂಡಿತು, ಗುಡಿ ಹೇಗೆ ನಡೀತಿತ್ತು, ಸತ್ತವರನ್ನು ಹೇಗೆ ನೆನಪಿಟ್ಟುಕೊಂಡರು ಅನ್ನೋ ಮೂರು ಪ್ರಶ್ನೆಗೂ ಅಲ್ಲಿ ಉತ್ತರ ಇದೆ.

ಮೊದಲು ಹಿನ್ನೆಲೆ. ಆತಕೂರು ಈಗಿನ ಮದ್ದೂರು ತಾಲ್ಲೂಕಿನ ಹಳ್ಳಿ. ಬಿ.ಎಲ್. ರೈಸ್ 1894ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟ ಹೊರತಂದಾಗ ಇದನ್ನು ಮಂಡ್ಯ ತಾಲ್ಲೂಕಿನ 41ನೇ ಶಾಸನ ಅಂತ ಸೇರಿಸಿದರು. ಆಗ ಮಂಡ್ಯ ಜಿಲ್ಲೆಯೇ ಇರಲಿಲ್ಲ. ಅದು ಆಗಿದ್ದು 1939ರಲ್ಲಿ. ಹಾಗಾಗಿ ಹಳೇ ಪುಸ್ತಕಗಳಲ್ಲಿ ಈ ಭಾಗದ ಶಾಸನ ಹುಡುಕುವವರು ಮೈಸೂರು ಜಿಲ್ಲೆಯ ಸಂಪುಟದಲ್ಲಿ ನೋಡಬೇಕು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಾದರೆ ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳು ಏಳನೆಯ ಸಂಪುಟದಲ್ಲಿ ಒಟ್ಟಿಗೆ ಸಿಗುತ್ತವೆ. ಫ್ಲೀಟ್ ಕೂಡ ಆತಕೂರು ಶಾಸನವನ್ನು ಎಪಿಗ್ರಾಫಿಯಾ ಇಂಡಿಕಾದಲ್ಲಿ ಸಂಪಾದಿಸಿದ್ದಾರೆ. ಕಲ್ಲು ಈಗ ಊರಲ್ಲಿಲ್ಲ, ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಈ ಕೊನೆಯ ವಿಷಯಕ್ಕೆ ಆಮೇಲೆ ಬರ್ತೀನಿ.

ಹತ್ತನೆಯ ಶತಮಾನದಲ್ಲಿ ಈ ಸೀಮೆ ಒಂದು ಗಡಿನಾಡು. ಇವತ್ತು ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮದ್ದೂರಿನಲ್ಲಿ ವಡೆ ತಿಂದು ಮುಂದೆ ಹೋಗುವವರಿಗೆ ಇದು ನಂಬೋಕೆ ಕಷ್ಟ. ಗಂಗವಾಡಿ ತೊಂಬತ್ತಾರು ಸಾವಿರ ಅನ್ನೋ ದೊಡ್ಡ ನಾಡು ರಾಷ್ಟ್ರಕೂಟರ ಅಧೀನದಲ್ಲಿ ಗಂಗರ ಕೈಯಲ್ಲಿತ್ತು. ಆಚೆ ತಮಿಳು ನೆಲದಲ್ಲಿ ಚೋಳರು ಬೆಳೀತಿದ್ದರು. ಆತಕೂರು ಕಲ್ಲು ನೆಟ್ಟು ಸುಮಾರು 55 ವರ್ಷಕ್ಕೆ, ಅಂದರೆ 1004ರ ಹೊತ್ತಿಗೆ, ಚೋಳರು ತಲಕಾಡನ್ನು ಹಿಡಿದು ಅದಕ್ಕೆ ರಾಜರಾಜಪುರ ಅಂತ ಹೆಸರಿಟ್ಟರು. ಮತ್ತೆ ಒಂದು ಶತಮಾನದ ಮೇಲೆ ಹೊಯ್ಸಳ ವಿಷ್ಣುವರ್ಧನ ಅದನ್ನು ಕಿತ್ತುಕೊಂಡು 'ತಲಕಾಡುಗೊಂಡ' ಅನ್ನಿಸಿಕೊಂಡ. ಒಂದೇ ನೆಲ, ಇನ್ನೂರು ವರ್ಷದೊಳಗೆ ಮೂರು ಒಡೆಯರು. ಇಂಥ ಕಡೆ ಗದ್ದೆ ಉಳುವವನಿಗೆ, ಗುಡಿ ನೋಡಿಕೊಳ್ಳುವವನಿಗೆ ಯಾವ ಮಾತು ನಿಲ್ಲುತ್ತೆ, ಯಾವುದು ನಿಲ್ಲಲ್ಲ ಅನ್ನೋ ಚಿಂತೆ ಇದ್ದೇ ಇರುತ್ತೆ ಅಲ್ವಾ? ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಶಾಸನ ಓದಬೇಕು.

ಶಾಸನದ ಕಾಲ ಶಕವರ್ಷ 872, ಸೌಮ್ಯ ಸಂವತ್ಸರ. ಕ್ರಿಸ್ತಶಕದಲ್ಲಿ 949–50. ಕನ್ನರದೇವ, ಅಂದರೆ ಮೂರನೆಯ ಕೃಷ್ಣ, ಚೋಳ ರಾಜಾದಿತ್ಯನ ಮೇಲೆ ಹೋಗಿ ತಕ್ಕೋಲದಲ್ಲಿ ಕಾದಿ ಕೊಂದ ಅಂತ ಶುರುವಾಗುತ್ತೆ. ತಕ್ಕೋಲ ಈಗಿನ ತಮಿಳುನಾಡಿನಲ್ಲಿ ಅರಕ್ಕೋಣಂ ಹತ್ತಿರದ ಊರು. ರಾಜಾದಿತ್ಯನನ್ನು ನಿಜವಾಗಿ ಕೊಂದವನು ಬೂತುಗ, ಕೃಷ್ಣನ ಅಕ್ಕ ರೇವಕನಿಮ್ಮಡಿಯ ಗಂಡ. ಅದಕ್ಕೆ ಮೆಚ್ಚಿ ಕೃಷ್ಣ ಅವನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಇಷ್ಟನ್ನೂ ಕೊಟ್ಟ. ಬೂತುಗನ ಕೈಕೆಳಗೆ ಮುಂದೆ ನಿಂತು ಹೋರಾಡಿದವನು ಮಣಲರತ. ಮಣಲೇರ ಅಂತಲೂ ಬರೀತಾರೆ. ಸಗರವಂಶದವನು, ವಲಭಿಯ ಒಡೆಯ ಅನ್ನೋ ಬಿರುದು ಹೊತ್ತವನು. ಅವನಿಗೆ ಬೂತುಗ ಆತಕೂರು ಹನ್ನೆರಡು ಅನ್ನೋ ಹಳ್ಳಿಗಳ ಗುಂಪನ್ನೂ ಬೆಳ್ವೊಲದಲ್ಲಿ ಒಂದು ಊರನ್ನೂ ಬಾಳ್ಗಚ್ಚಾಗಿ ಕೊಟ್ಟ. ಬಾಳ್ ಅಂದರೆ ಕತ್ತಿ, ಕಚ್ಚು ಅಂದರೆ ತೊಳೆಯೋದು. ರಕ್ತ ಅಂಟಿದ ಕತ್ತಿ ತೊಳೆದದ್ದಕ್ಕೆ ಕೊಟ್ಟ ಭೂಮಿ. ಈ ಒಂದು ಪದ ಸಾಕು, ಆ ಕಾಲದಲ್ಲಿ ಸೇವೆಗೂ ನೆಲಕ್ಕೂ ಎಂಥ ನಂಟು ಇತ್ತು ಅಂತ ತಿಳಿಯೋಕೆ.

ಇಲ್ಲೇ ಒಂದು ಪದದ ಜಗಳವನ್ನೂ ಹೇಳಿಬಿಡ್ತೀನಿ. ಬೂತುಗ ರಾಜಾದಿತ್ಯನನ್ನು ಕೊಂದ ಸಂದರ್ಭದಲ್ಲಿ 'ಬಿಸುಗೆ' ಅನ್ನೋ ಪದ ಬರುತ್ತೆ. ಬೆಸೆ, ಬಿಸುಗೆ ಅಂದರೆ ಕೂಡಿಸೋದು, ಸೇರಿಸೋದು. ಮೊದಲು ಇದನ್ನು ಅಪ್ಪುಗೆ ಅಂತ ತಿಳಿದು, ಬೂತುಗ ಅಪ್ಪಿಕೊಂಡು ಮೋಸದಿಂದ ಇರಿದ ಅಂತ ಅರ್ಥ ಮಾಡಿದರು. ಎಷ್ಟೋ ಪುಸ್ತಕಗಳಲ್ಲಿ ಬೂತುಗನ ತಲೆಗೆ ಈ ಕಳಂಕ ಅಂಟಿಕೊಂಡೇ ಇದೆ. ಆದರೆ ಬಿಸುಗೆಗೆ ಆನೆಯ ಬೆನ್ನಿನ ಮೇಲೆ ಬಿಗಿದ ಅಂಬಾರಿ ಅನ್ನೋ ಅರ್ಥವೂ ಇದೆ. ಅಂಬಾರಿಯೇ ರಣರಂಗ ಆಯಿತು, ಅಲ್ಲೇ ಇರಿದು ಕೊಂದ ಅಂದರೆ ವಾಕ್ಯ ಸಲೀಸಾಗಿ ಕೂರುತ್ತೆ. ಚೋಳರ ಕಡೆಯ ದಾಖಲೆಗಳೂ ಇದನ್ನೇ ಹೇಳುತ್ತವೆ. ಲೈಡನ್ನಿನ ದೊಡ್ಡ ತಾಮ್ರಪಟದಲ್ಲಿ ರಾಜಾದಿತ್ಯ ಆನೆಯ ಮೇಲೆಯೇ ಸತ್ತ ಅಂತಿದೆ. ತಮಿಳಿನಲ್ಲಿ ಅವನಿಗೆ 'ಆನೈಮೇಲ್ ತುಂಜಿನ', ಆನೆ ಮೇಲೆ ಕಣ್ಣುಮುಚ್ಚಿದವನು ಅನ್ನೋ ಹೆಸರೇ ನಿಂತಿದೆ. ಶತ್ರುವಿನ ಮನೆಯವರೇ ವೀರಮರಣ ಅಂದಿರುವಾಗ ನಾವು ಮೋಸ ಅಂತ ಹಟ ಹಿಡಿಯೋದು ಯಾಕೆ? ನನಗಂತೂ ಅಂಬಾರಿಯ ಅರ್ಥವೇ ಸರಿ ಅನಿಸುತ್ತೆ.

ಈಗ ನಾಯಿ. ಮಣಲರತನ ಶೌರ್ಯಕ್ಕೆ ಮೆಚ್ಚಿದ ಬೂತುಗ, ಬೇಕಾದ್ದು ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಅನ್ನೋ ನಾಯಿಯನ್ನು. ಊರು ಕೇಳಲಿಲ್ಲ, ಆನೆ ಕುದುರೆ ಕೇಳಲಿಲ್ಲ. ಆ ನಾಯಿಯನ್ನು ಕೆಳಲೆ ನಾಡಿನ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಕೆಳಲೆ ನಾಡು ಅಂದರೆ ಇವತ್ತಿನ ಮದ್ದೂರಿನ ಸುತ್ತಿನ ಸೀಮೆ. ಮೊರಡಿ ಅಂದರೆ ಕಲ್ಲುಬಂಡೆಯ ಸಣ್ಣ ಗುಡ್ಡ. ನಮ್ಮ ಕಡೆ ಮರಡಿ, ಮರಡಿಪುರ ಅಂತ ಊರಿನ ಹೆಸರುಗಳಲ್ಲಿ ಅದು ಇನ್ನೂ ಉಳಿದಿದೆ. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಎದುರುಬದುರು ನಿಂತ ಉಬ್ಬುಶಿಲ್ಪ ಇದೆ. ಸಾಮಾನ್ಯ ವೀರಗಲ್ಲಿನಲ್ಲಿ ವೀರ ಕಾದಾಡುವ ದೃಶ್ಯ ಇರಬೇಕಾದ ಜಾಗ ಅದು.

ಇಲ್ಲಿಂದ ಮುಂದೆ ಬರೋದೇ ನಾನು ಹೇಳಬೇಕೆಂದಿರುವ ಭಾಗ. ಅದರ ಸಾರ ಹೀಗಿದೆ. ಇದಕ್ಕಾಗಿ ಆತಕೂರಿನಲ್ಲಿ ಚಲ್ಲೇಶ್ವರದ ಮುಂದೆ ಕಲ್ಲು ನೆಡಿಸಿದರು. ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣು ಕೊಟ್ಟರು. ಆ ಮಣ್ಣನ್ನು ಒಕ್ಕಲಿನವನಾಗಲಿ, ನಾಡನ್ನು ಆಳುವವನಾಗಲಿ, ಊರನ್ನು ಆಳುವವನಾಗಲಿ ಅಳಿದರೆ ಆ ನಾಯಿ ಮಾಡಿದ ಪಾಪ ಅವನಿಗೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೂ ನಾಯಿ ಮಾಡಿದ ಪಾಪ.

ಒಂದೊಂದಾಗಿ ಬಿಡಿಸೋಣ.

ಕಲ್ಲು ನೆಟ್ಟಿದ್ದು ನಾಯಿ ಸತ್ತ ಗುಡ್ಡದಲ್ಲಿ ಅಲ್ಲ, ಊರಿನ ಗುಡಿಯ ಮುಂದೆ. ಇದು ಯೋಚಿಸಿ ಮಾಡಿದ ಆಯ್ಕೆ. ಗುಡ್ಡದಲ್ಲಿ ನೆಟ್ಟರೆ ದನ ಕಾಯುವ ಹುಡುಗರು ಬಿಟ್ಟರೆ ನೋಡುವವರು ಯಾರು? ಶಿವನ ಗುಡಿ ಎದುರು ನೆಟ್ಟರೆ ದಿನಾ ದೀಪ ಹಚ್ಚುವ ಕೈ ಒಂದಿರುತ್ತೆ. ಗೊರವ ಅಂದರೆ ಶೈವ ಸಂನ್ಯಾಸಿ, ಗಂಗರ ಕಾಲದ ಶಿವಾಲಯಗಳ ಮೇಲ್ವಿಚಾರಣೆ ಅವರದೇ. ಇವತ್ತು ಮೈಲಾರಲಿಂಗನ ಭಕ್ತರಾದ ಗೊರವರು ಕರಡಿಕೂದಲ ಟೋಪಿ ಹಾಕಿ ಕುಣಿಯೋದನ್ನು ನೋಡಿದವರಿಗೆ ಈ ಪದ ಹೊಸದಲ್ಲ. ಪದ ಉಳಿದಿದೆ, ಕೆಲಸ ಬದಲಾಗಿದೆ.

ಎರಡನೆಯದು, 'ಕೆರೆಯ ಕೆಳಗೆ'. ಮಂಡ್ಯದವರಿಗೆ ಇದರ ಬೆಲೆ ಹೇಳಿಕೊಡಬೇಕಾಗಿಲ್ಲ, ಆದರೂ ಹೇಳ್ತೀನಿ. ಕನ್ನಂಬಾಡಿ ಕಟ್ಟೆ ಆಗಿ, ಇರ್ವಿನ್ ನಾಲೆ ಅಂತ ಆಗ ಕರೀತಿದ್ದ ವಿಶ್ವೇಶ್ವರಯ್ಯ ನಾಲೆಯಲ್ಲಿ 1930ರ ದಶಕದಲ್ಲಿ ನೀರು ಹರಿಯುವವರೆಗೂ ಈ ಸೀಮೆಯ ಬಹುಪಾಲು ಒಣಭೂಮಿ, ರಾಗಿಯ ಹೊಲ. ನಾಲೆ ಬಂದ ಮೇಲೆ ಕಬ್ಬು, 1933ರಲ್ಲಿ ಶುರುವಾದ ಮೈಸೂರು ಸಕ್ಕರೆ ಕಂಪನಿ, ಇವತ್ತಿನ ಹಸಿರು, ಎಲ್ಲ ಆಮೇಲಿನದು. ಅದಕ್ಕೆ ಮೊದಲು ಗದ್ದೆ ಅಂದರೆ ಬಹುಮಟ್ಟಿಗೆ ಕೆರೆಯ ಕೆಳಗಿನ ತುಂಡು ಭೂಮಿ. ಊರಿನಲ್ಲಿ ಅತ್ಯಂತ ಬೆಲೆಬಾಳೋ ನೆಲ ಅದೇ. ನಾಯಿಯ ಕಲ್ಲಿಗೆ ಕೊಟ್ಟದ್ದು ಬೀಳುಭೂಮಿಯಲ್ಲ, ಇಂಥ ನೆಲ. ಖಂಡುಗ ಅನ್ನೋದೂ ಎಕರೆಯಂಥ ಅಳತೆಯಲ್ಲ. 20 ಕೊಳಗ ಸೇರಿದರೆ ಒಂದು ಖಂಡುಗ. ಅಷ್ಟು ಬೀಜ ಬಿತ್ತೋಕೆ ಎಷ್ಟು ನೆಲ ಬೇಕೋ ಅಷ್ಟು. ಗದ್ದೆಗೊಂದು ಲೆಕ್ಕ, ಹೊಲಕ್ಕೊಂದು ಲೆಕ್ಕ, ಸೀಮೆಯಿಂದ ಸೀಮೆಗೆ ಬೇರೆ. ಅದಕ್ಕೇ ಶಾಸನದ ಖಂಡುಗವನ್ನು ಗುಂಟೆ ಎಕರೆಗೆ ಪರಿವರ್ತಿಸಿ ಬರೆದದ್ದು ಕಂಡರೆ ಸ್ವಲ್ಪ ಅನುಮಾನದಿಂದಲೇ ನೋಡಿ.

ಈ ಗದ್ದೆಯ ಹುಟ್ಟುವಳಿಯಿಂದ ಗೊರವ ಊಟ ಮಾಡಬೇಕು, ಕಲ್ಲಿಗೆ ಪೂಜೆ ನಡೆಸಬೇಕು. ಅಂದರೆ ಈ ಕಲ್ಲಿನಲ್ಲಿ ಸಮಾಧಿ, ಗುಡಿ, ಆದಾಯ ಮೂರೂ ಒಂದಕ್ಕೊಂದು ಗಂಟು ಹಾಕಿಕೊಂಡಿವೆ. ಗದ್ದೆ ಇಲ್ಲದಿದ್ದರೆ ಪೂಜೆ ಇಲ್ಲ, ಪೂಜೆ ಇಲ್ಲದಿದ್ದರೆ ನೆನಪಿಲ್ಲ. ಇವತ್ತಿನ ಮಾತಲ್ಲಿ ಹೇಳೋದಾದರೆ ಬ್ಯಾಂಕಿನಲ್ಲಿ ಠೇವಣಿ ಇಟ್ಟು ಬಡ್ಡಿಯಲ್ಲಿ ವರ್ಷಾವರ್ಷ ಸೇವೆ ನಡೆಸೋ ಹಾಗೆ.

ಮೂರನೆಯದು ಶಾಪ, ನನಗೆ ಅತ್ಯಂತ ಇಷ್ಟವಾದ ಭಾಗ. ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಗಳು ನಿಮಗೆ ಗೊತ್ತಿರುತ್ತವೆ. ವಾರಣಾಸಿಯಲ್ಲಿ ಸಾವಿರ ಕವಿಲೆ ಕೊಂದ ಪಾಪ, ಬ್ರಾಹ್ಮಣರನ್ನು ಕೊಂದ ಪಾಪ, ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟೋದು. ಅಚ್ಚು ಹಾಕಿದ ಮಾತುಗಳು, ನೂರಾರು ಶಾಸನಗಳಲ್ಲಿ ಇವೇ. ಆತಕೂರಿನಲ್ಲಿ ಮಾತ್ರ 'ನಾಯ್ ಗೆಯ್ದ ಪಾಪ'. ಬರೆಸಿದವರು ಈ ಕಲ್ಲಿಗೇ ಒಪ್ಪುವಂಥ ಶಾಪ ಹೊಸೆದಿದ್ದಾರೆ. ಇದರ ಅರ್ಥ ಏನು? ನಾಯಿ ತನ್ನ ಬಾಳಿನಲ್ಲಿ ಬೇಟೆಯಾಡಿ ಕೊಂದ ಪ್ರಾಣಿಗಳ ಪಾಪ ಅಂತ ನಾನು ತಿಳೀತೀನಿ. ಅಂದರೆ ಕಲ್ಲು ನೆಟ್ಟು ಗೌರವಿಸಿದ ಅದೇ ನಾಯಿಗೆ ಪಾಪವೂ ಇತ್ತು ಅಂತ ಬರೆಸಿದವರು ಮುಚ್ಚಿಡಲಿಲ್ಲ. ಕಾಳಿ ವೀರನೂ ಹೌದು, ಪಾಪದ ಅಳತೆಗೋಲೂ ಹೌದು. ಇವತ್ತು ಹರಿದಾಡುವ 'ನಿಷ್ಠಾವಂತ ನಾಯಿಯ ಸ್ಮಾರಕ' ಅನ್ನೋ ಮುದ್ದು ಕಥೆಯಲ್ಲಿ ಈ ಒರಟುತನ ಪೂರಾ ಮಾಯವಾಗಿಬಿಟ್ಟಿದೆ.

ಇನ್ನೊಂದು ಗಮನಿಸಿ. ಶಾಪ ಯಾರಿಗೆ? ಒಕ್ಕಲಿನವನಿಗೆ, ಊರಾಳುವವನಿಗೆ, ನಾಡಾಳುವವನಿಗೆ, ಗೊರವನಿಗೆ. ಕೃಷ್ಣನ ಹೆಸರು ಮೇಲೆ ದೊಡ್ಡದಾಗಿ ಇದೆ, ಬೂತುಗನ ಗೆಲುವುಗಳೂ ಇವೆ. ಆದರೆ ಗದ್ದೆ ಉಳಿಸುವ ಹೊಣೆ ರಾಜರ ಮೇಲೆ ಹೊರಿಸಿಲ್ಲ. ಗಡಿನಾಡಿನವರಿಗೆ ಗೊತ್ತಿತ್ತು, ರಾಜ ಬರ್ತಾನೆ ಹೋಗ್ತಾನೆ, ಕೆರೆಯ ಕೆಳಗಿನ ಮಣ್ಣಿನ ಪಕ್ಕದಲ್ಲಿ ದಿನಾ ಓಡಾಡೋರು ಈ ನಾಲ್ಕು ಜನವೇ. ಅದನ್ನು ಒತ್ತುವರಿ ಮಾಡೋದೂ ಇವರೇ, ಕಾಪಾಡೋದೂ ಇವರೇ. ಲೆಕ್ಕಾಚಾರ ಎಷ್ಟು ಸರಿಯಾಗಿತ್ತು ನೋಡಿ. ಮುಂದೆ ಚೋಳರು ಬಂದು ನೂರಕ್ಕೂ ಹೆಚ್ಚು ವರ್ಷ ಈ ಸೀಮೆಯನ್ನು ಆಳಿದರು. ತಮ್ಮ ಮನೆತನದ ರಾಜಕುಮಾರನನ್ನು ಕೊಂದ ಸುದ್ದಿ ಇಷ್ಟು ದಪ್ಪ ಅಕ್ಷರದಲ್ಲಿ ಕೆತ್ತಿದ ಕಲ್ಲು ಒಡೆಯದೆ ಉಳಿದಿದೆ.

ಆತಕೂರು ಒಂಟಿ ಉದಾಹರಣೆ ಅಲ್ಲ. ಈ ಸೀಮೆಯ ಬೇರೆ ಶಾಸನಗಳಲ್ಲೂ ಇದೇ ಗಂಟು ಬೇರೆ ಬೇರೆ ರೂಪದಲ್ಲಿ ಕಾಣುತ್ತೆ. ಆತಕೂರಿಗಿಂತ 230 ವರ್ಷಕ್ಕೂ ಹಿಂದಿನ ಮಂಡ್ಯ ತಾಲ್ಲೂಕಿನ ಹಲ್ಲೇಗೆರೆ ತಾಮ್ರಪಟ ತೆಗೆದುಕೊಳ್ಳಿ. ಕಾಲ ಶಕ 635, ಅಂದರೆ 713, ಗಂಗ ಶಿವಮಾರನದು. ಪಲ್ಲವ ಮನೆತನದ ಇಬ್ಬರು ರಾಜಕುಮಾರರ ಬಿನ್ನಹದ ಮೇಲೆ ಕೊಟ್ಟ ದತ್ತಿ, ಹೊಳೆಗೆ ಅಡ್ಡಕಟ್ಟೆ ಹಾಕಿ ಆದ ಆ ಊರಿಗೆ ಪಲ್ಲವತಟಾಕ ಅಂತ ಹೆಸರು. ಈ ಸೀಮೆಯಲ್ಲಿ ಆರಂಭದ ಬಂಡವಾಳ ಹೂಡಿಕೆ ಅಂತ ಯಾವುದನ್ನಾದರೂ ಕರೆಯಬೇಕಾದರೆ ನಾನು ಕೆರೆಯನ್ನೇ ಕರೀತೀನಿ, ಅಂಗಡಿಯನ್ನಲ್ಲ. ಕೆರೆ ಕಟ್ಟಿದವನಿಗೆ ಕೊಡೋ ಭೂಮಿಗೆ ಕಟ್ಟುಗೊಡಗಿ, ಕೆರೆಯ ದುರಸ್ತಿಗೆ ಬಿಟ್ಟದ್ದಕ್ಕೆ ಬಿತ್ತುವಟ್ಟ, ಕಾದಿ ಸತ್ತವನ ಮನೆಯವರಿಗೆ ಕೊಟ್ಟದ್ದಕ್ಕೆ ನೆತ್ತರುಗೊಡಗೆ. ಸುತ್ತಮುತ್ತಲ ಗಂಗರ ಕಲ್ಲುಗಳಲ್ಲಿ ಕಲ್ನಾಡು ಅನ್ನೋದೂ ಸಿಗುತ್ತೆ. ಪ್ರತಿಯೊಂದು ಕೆಲಸಕ್ಕೂ, ಪ್ರತಿಯೊಂದು ಸಾವಿಗೂ ನೆಲದ ಭಾಷೆಯಲ್ಲಿ ಒಂದು ಹೆಸರು.

ಬಸದಿಗಳಲ್ಲೂ ಹೀಗೇ. ನಾಗಮಂಗಲ ತಾಲ್ಲೂಕಿನ ದೇವರಹಳ್ಳಿಯಲ್ಲಿ ಸಿಕ್ಕ ಶ್ರೀಪುರುಷನ ತಾಮ್ರಪಟ 776ರದು. ಕುಂದಾಚ್ಚಿ ಅನ್ನೋ ಹೆಂಗಸು ಕಟ್ಟಿಸಿದ ಲೋಕತಿಲಕ ಅನ್ನೋ ಜಿನಾಲಯಕ್ಕೆ ಪೊನ್ನಳ್ಳಿ ಅನ್ನೋ ಊರನ್ನೇ ಬಿಟ್ಟಿದ್ದಾರೆ. ಬಸದಿ ಕಟ್ಟಿಸಿದವಳು ಹೆಣ್ಣು ಅನ್ನೋದನ್ನು ಬರೆಯುವವರು ಬಹಳ, ಊರಿನ ಆದಾಯದಿಂದ ಅದು ನಡೀಬೇಕಿತ್ತು ಅನ್ನೋದನ್ನು ಬರೆಯುವವರು ಕಡಿಮೆ. ಮದ್ದೂರು ತಾಲ್ಲೂಕಿನ ತಿಪ್ಪೂರನ್ನು ಶಾಸನಗಳು ಕನಕಗಿರಿ ತೀರ್ಥ ಅಂತ ಕರೆಯುತ್ತವೆ. ಅಲ್ಲಿ ಬಾಹುಬಲಿಯ ಮೂರ್ತಿ ಇದೆ, ಈಚಿನ ವರ್ಷಗಳ ಉತ್ಖನನದಲ್ಲಿ ಬಸದಿಗಳ ತಳಪಾಯವೂ ಹೊರಬಂದಿದೆ. ಅಲ್ಲಿನ 1117ರ ಶಾಸನದಲ್ಲಿ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಚೋಳರ ಸಾಮಂತ ಆದಿಯಮನನ್ನು ಸೋಲಿಸಿ ತಲಕಾಡು ಹಿಡಿದ ಕಥೆ ಬರುತ್ತೆ. ಗೆದ್ದವನು ರಾಜನಿಂದ ಪಡೆದ ಊರನ್ನು ಜೈನ ಗುರುವಿಗೆ ಬಿಟ್ಟ. ಮತ್ತೆ ಅದೇ ನಮೂನೆ: ಯುದ್ಧ, ಮೆಚ್ಚುಗೆ, ಊರು, ಗುಡಿ. ಮಣಲರತನಿಗೂ ಗಂಗರಾಜನಿಗೂ 167 ವರ್ಷ ಅಂತರ, ರೀತಿ ಮಾತ್ರ ಒಂದೇ.

ಮಧ್ಯದಲ್ಲಿ ಆಳಿದ ಚೋಳರು ಸುಮ್ಮನೆ ಕೂರಲಿಲ್ಲ. ಮಳವಳ್ಳಿ ಪಕ್ಕದ ಮಾರೆಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯಕ್ಕೆ ಶಾಸನದಲ್ಲಿ ರಾಜಾಶ್ರಯ ವಿಣ್ಣಗರ ಅಂತ ಹೆಸರು. ವಿಣ್ಣಗರ ಅಂದರೆ ತಮಿಳಿನಲ್ಲಿ ವಿಷ್ಣುವಿನ ಗುಡಿ. ರಾಜಾಶ್ರಯ ಒಂದನೆಯ ರಾಜರಾಜನ ಬಿರುದು. ಗಡಿಯಲ್ಲಿ ಗುಡಿಗೆ ರಾಜನ ಬಿರುದು ಇಡೋದು ಅಂದರೆ ಇವತ್ತು ಗಡಿಕಲ್ಲು ನೆಟ್ಟ ಹಾಗೆ. ಮಾರೆಹಳ್ಳಿಗೆ ಹೋದರೆ ನರಸಿಂಹನಿಗೆ ಕೈಮುಗಿದು ಬರೋದರ ಜೊತೆಗೆ ಗೋಡೆಯ ತಮಿಳು ಅಕ್ಷರಗಳ ಮೇಲೂ ಕಣ್ಣಾಡಿಸಿ. ಕನ್ನಡ ಸೀಮೆಯಲ್ಲಿ ತಮಿಳು ಶಾಸನ ಯಾಕೆ ಅಂತ ಕೇಳೋರಿಗೆ ಅಲ್ಲೇ ಉತ್ತರ.

ಗಂಟು ಬಿಚ್ಚಿಹೋದದ್ದು ಹೇಗಿರುತ್ತೆ ಅನ್ನೋದನ್ನು ನೋಡಬೇಕಾದರೆ ಇದೇ ಜಿಲ್ಲೆಯಲ್ಲಿ ಎಂಟೂವರೆ ಶತಮಾನ ದಾಟಿ ಶ್ರೀರಂಗಪಟ್ಟಣಕ್ಕೆ ಬರಬೇಕು. ಊರಾಚೆ ಕಾವೇರಿ ದಂಡೆಯಲ್ಲಿ ಗ್ಯಾರಿಸನ್ ಸ್ಮಶಾನ ಇದೆ. 1799ರಲ್ಲಿ ಟಿಪ್ಪು ಸತ್ತ ಮುತ್ತಿಗೆಯ ನಂತರ ಇಲ್ಲಿ ನೆಲೆಸಿದ ಸೈನಿಕರದು, ಅವರ ಹೆಂಡತಿ ಮಕ್ಕಳದು, ಸುಮಾರು 300 ಗೋರಿಗಳು. ಅವರಲ್ಲಿ ದ ಮ್ಯೂರಾನ್ ಅನ್ನೋ ಸ್ವಿಸ್ ರೆಜಿಮೆಂಟಿನವರೂ ಇದ್ದಾರೆ. ಮೊದಲು ಸಿಲೋನಿನಲ್ಲಿ ಡಚ್ಚರ ಚಾಕರಿಯಲ್ಲಿದ್ದ ಪಡೆ, 1795ರಲ್ಲಿ ಇಂಗ್ಲಿಷರ ಕಡೆ ಬಂತು. ಅಲ್ಲಿಂದ ಸ್ವಲ್ಪ ದೂರದಲ್ಲಿ ಪಾಂಡವಪುರ, ಆಗಿನ ಫ್ರೆಂಚ್ ರಾಕ್ಸ್. ಹೈದರ್ ಮತ್ತು ಟಿಪ್ಪುವಿನ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಬಂದ ಹೆಸರು. ಆಮೇಲೆ ಇಂಗ್ಲಿಷರ ದಂಡೂ 1881ರವರೆಗೆ ಅಲ್ಲಿತ್ತು, ಅಲ್ಲೂ ಒಂದು ಸ್ಮಶಾನ ಉಳಿದಿದೆ. ಇವೂ ಒಂದು ಲೆಕ್ಕದಲ್ಲಿ ಗಡಿನಾಡಿನ ಶಾಸನಗಳೇ. ಹೆಸರು, ಹುದ್ದೆ, ವಯಸ್ಸು, ಸತ್ತ ದಿನ, ನೆಟ್ಟವರ ದುಃಖ ಎಲ್ಲ ಇವೆ. ಮೂರು ತಿಂಗಳ ಕೂಸಿನ ಗೋರಿಯೂ ಸಿಗುತ್ತೆ, ಗಂಗರ ಕಲ್ಲುಗಳಲ್ಲಿ ಕೂಸುಗಳಿಗೆ ಜಾಗವಿರಲಿಲ್ಲ. ಆದರೆ ಇವಕ್ಕೆ ಗದ್ದೆ ಇಲ್ಲ, ಗೊರವ ಇಲ್ಲ. ರೆಜಿಮೆಂಟು ಹೊರಟಿತು, ಕಂಪನಿ ಹೋಯಿತು, ಗಿಡಗಂಟಿ ಬೆಳೆಯಿತು. ಕೊನೆಗೆ ಎರಡು ಶತಮಾನ ಕಳೆದು ಮ್ಯೂರಾನ್ ಮನೆತನದ ವಂಶಸ್ಥರೇ ದುಡ್ಡು ಕೊಟ್ಟು ಗ್ಯಾರಿಸನ್ ಸ್ಮಶಾನವನ್ನು ದುರಸ್ತಿ ಮಾಡಿಸಬೇಕಾಯಿತು.

ಹಾಗಂತ ಆತಕೂರಿನ ಏರ್ಪಾಟು ಶಾಶ್ವತವಾಗಿ ಉಳಿಯಿತೇ? ಇಲ್ಲ. ಎರಡು ಖಂಡುಗ ಮಣ್ಣಿನಲ್ಲಿ ಕಾಳಿಯ ಹೆಸರಲ್ಲಿ ಇವತ್ತು ಯಾರೂ ಭತ್ತ ಬೆಳೀತಿಲ್ಲ. ಕಲ್ಲು ಬೆಂಗಳೂರಿಗೆ ಬಂದದ್ದರಿಂದ ಮಳೆ ಬಿಸಿಲಿನಿಂದ ಬಚಾವಾಯಿತು. ಅದನ್ನು ತಪ್ಪು ಅನ್ನೋಕೆ ನಾನು ತಯಾರಿಲ್ಲ, ಹಳ್ಳಿಗಳಲ್ಲಿ ವೀರಗಲ್ಲುಗಳು ಏನಾಗುತ್ತಿವೆ ಅಂತ ನೋಡಿದವನು. ಚರಂಡಿಯ ಮೇಲೆ ಚಪ್ಪಡಿಯಾಗಿ, ಬಟ್ಟೆ ಒಗೆಯೋ ಕಲ್ಲಾಗಿ, ಹೊಸ ಗುಡಿಯ ಜೀರ್ಣೋದ್ಧಾರದಲ್ಲಿ ಗ್ರಾನೈಟ್ ಮೆಟ್ಟಿಲ ಅಡಿಯಲ್ಲಿ ಹೂತು, ಎನಾಮಲ್ ಬಣ್ಣ ಬಳಿಸಿಕೊಂಡು. ಆದರೆ ಸ್ಥಳಾಂತರದಲ್ಲಿ ಶಾಸನದ ಒಂದು ಭಾಗ ಓದಲು ಬಾರದ ಹಾಗಾಯಿತು ಅನ್ನೋದೂ ನಿಜ. 'ಚಲ್ಲೇಶ್ವರದ ಮುಂದೆ' ಅನ್ನೋ ಮಾತಿಗೆ ವಸ್ತುಸಂಗ್ರಹಾಲಯದ ನೆಲದ ಮೇಲೆ ಅರ್ಥವಿಲ್ಲ. 'ದೊಡ್ಡ ಕೆರೆಯ ಕೆಳಗೆ' ಅನ್ನೋದಕ್ಕೂ ಇಲ್ಲ. ಆ ಎರಡು ಮಾತನ್ನು ಓದಬೇಕಾದ ಜಾಗ ಊರು.

ಅದಕ್ಕೇ ಹಳ್ಳಿ ಸುತ್ತುವ ಗೆಳೆಯರಲ್ಲಿ ಒಂದು ಬೇಡಿಕೆ. ವೀರಗಲ್ಲೋ ಮಾಸ್ತಿಕಲ್ಲೋ ಸಿಕ್ಕಿದಾಗ ನಾವೆಲ್ಲ ಮೊದಲು ಮಾಡೋದು ಕಲ್ಲಿನ ಫೋಟೋ. ಹತ್ತಿರ ಹೋಗಿ, ಅಕ್ಷರ ಕಾಣೋ ಹಾಗೆ. ಅದು ಬೇಕೇ ಬೇಕು. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆದರೆ ಅಕ್ಷರ ತಾವಾಗಿ ಎದ್ದು ಕಾಣುತ್ತವೆ. ಸೀಮೆಸುಣ್ಣ ತುಂಬೋದು, ತಂತಿಯ ಬ್ರಷ್ಷಿನಿಂದ ಉಜ್ಜೋದು ದಯವಿಟ್ಟು ಬೇಡ. ಅದರ ಜೊತೆಗೆ ನಾಲ್ಕು ಹೆಜ್ಜೆ ಹಿಂದೆ ಬಂದು ಇನ್ನೊಂದು ಫೋಟೋ ತೆಗೆಯಿರಿ. ಕಲ್ಲು ಯಾವ ಗುಡಿಗೆ ಎದುರಾಗಿದೆ? ಯಾವ ದಿಕ್ಕಿಗೆ ಮುಖ? ಕೆರೆ ಎಷ್ಟು ದೂರ, ಏರಿಯ ಮೇಲೋ ಕೆಳಗೋ? ಪಕ್ಕದ ಹೊಲಕ್ಕೆ ಊರವರು ಏನು ಹೆಸರು ಹೇಳ್ತಾರೆ? ಈ ಕೊನೇ ಪ್ರಶ್ನೆಯನ್ನು ಊರಿನ ಹಿರಿಯರ ಹತ್ತಿರ ಕೇಳಿ. "ಅದಾ? ಅದು ಕಲ್ಲೊಲ ಕಣಪ್ಪ, ನಮ್ ತಾತನ ಕಾಲದಿಂದಾನೂ ಹಂಗೇ ಅಂತೀವಿ" ಅನ್ನೋಂಥ ಉತ್ತರ ಬಂದರೆ ಅದನ್ನು ಹಾಗೇ ಬರೆದಿಟ್ಟುಕೊಳ್ಳಿ. ಕಂದಾಯದ ಪಹಣಿಯಲ್ಲಿ ಇಲ್ಲದ ಹೆಸರುಗಳು ಅವು. ದತ್ತಿ ಬಿಟ್ಟ ಭೂಮಿಯ ಕೊನೆಯ ಗುರುತು ಕೆಲವೊಮ್ಮೆ ಇಂಥ ಹೆಸರಿನಲ್ಲಿ ಮಾತ್ರ ಉಳಿದಿರುತ್ತೆ. ಆಮೇಲೆ ಏಳನೆಯ ಸಂಪುಟ ತೆಗೆದು ಆ ಊರಿನ ಹೆಸರಿನಡಿ ಶಾಸನ ಆಗಲೇ ದಾಖಲಾಗಿದೆಯಾ ನೋಡಿ. ಇಲ್ಲದಿದ್ದರೆ ಪುರಾತತ್ತ್ವ ಇಲಾಖೆಗೆ ತಿಳಿಸಿ. ಬೆಂಗಳೂರಿನ ಸುತ್ತಿನ ಶಾಸನಗಳನ್ನು ಮಿಥಿಕ್ ಸೊಸೈಟಿಯವರು ಮೂರು ಆಯಾಮದ ಸ್ಕ್ಯಾನ್ ಮಾಡುತ್ತಿರುವಂತೆ ನಮ್ಮ ಮೂರು ತಾಲ್ಲೂಕಿನಲ್ಲೂ ಆಗಬೇಕಾದ್ದು ಬಹಳ ಇದೆ.

ಬೆಂಗಳೂರಿನಲ್ಲಿರುವವರು ಕಸ್ತೂರ್ಬಾ ರಸ್ತೆಗೆ ಹೋದಾಗ ನಾಯಿ ಹಂದಿಯ ಚಿತ್ರ ನೋಡಿ ಮುಂದೆ ಹೋಗಬೇಡಿ. ಅಕ್ಷರಗಳ ನಡುವೆ 'ಗೊರವ' ಅನ್ನೋ ಪದ ಹುಡುಕಿ. ಹಳಗನ್ನಡ ಲಿಪಿಯ ಗ, ರ, ವ ಗುರುತಿಸೋದು ಕಲಿತರೆ ಸಾಕು, ಸಿಗುತ್ತೆ. ಪೂಜೆ ಮಾಡದೆ ಉಣ್ಣಬೇಡ ಅಂತ ಅವನಿಗೆ ಹೇಳಿದ ಮಾತು ಅಲ್ಲೇ ಇದೆ.